ಲೈವ್‌ನಲ್ಲಿ ಸದ್ದು ಕೈಕೊಟ್ಟಾಗ: ಮಿಕ್ಸರ್ ದೋಷ ಹುಡುಕುವ ದಾರಿ

ಮನೆಯಿಂದ ಸಂಗೀತ ಕಛೇರಿ ಲೈವ್ ಮಾಡುವವರು, ಝೂಮ್‌ನಲ್ಲಿ ಪಾಠ ಹೇಳುವ ಸಂಗೀತದ ಮೇಷ್ಟ್ರು, ದೇವಸ್ಥಾನದ ಹರಿಕಥೆಯನ್ನು ಯೂಟ್ಯೂಬ್‌ಗೆ ಬಿಡುವ ಹುಡುಗರು, ಎಲ್ಲರೂ ಸದ್ದು ಕೆಟ್ಟ ಕೂಡಲೇ ಹೇಳುವುದು "ಮಿಕ್ಸರ್ ಹೋಯ್ತು" ಅಂತಲೇ. ಮಿಕ್ಸರ್ ಅಂದರೆ ಮೈಕು, ವಾದ್ಯಗಳ ಸದ್ದನ್ನು ಹದಮಾಡಿ ಸೇರಿಸಿ ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ. ಆದರೆ ಅದು ನಿಜವಾಗಿ ಹೋಗಿರುವುದು ಅಪರೂಪ. ಮೈಕಿನಿಂದ ಹೊರಟ ಸದ್ದು ವೈರು, ಮಿಕ್ಸರ್, ಯುಎಸ್‌ಬಿ, ಕಂಪ್ಯೂಟರ್, ಆ್ಯಪ್, ಇಂಟರ್‌ನೆಟ್ ಎಲ್ಲ ದಾಟಿ ಕೇಳುವವರ ಕಿವಿಗೆ ಮುಟ್ಟಬೇಕು. ಅದು ಎಲ್ಲಿಯವರೆಗೆ ಸರಿಯಾಗಿತ್ತು, ಎಲ್ಲಿಂದ ಕೆಟ್ಟಿತು ಅನ್ನುವುದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿಯಿತು.

ಉದಾಹರಣೆಗೆ ಯಮಹಾ ಎಜಿ03, ಎಜಿ06 ಮಾದರಿಗಳನ್ನು ಇಟ್ಟುಕೊಳ್ಳುತ್ತೇನೆ. ಲೈವ್ ಮಾಡುವವರು ಇವನ್ನು ಬಹಳ ಬಳಸುತ್ತಾರೆ. ಬೇರೆ ಕಂಪನಿಯ ಮಿಕ್ಸರ್ ಇದ್ದರೆ ಸ್ವಿಚ್ಚಿನ ಹೆಸರು ಬೇರೆ ಇರಬಹುದು, ಹುಡುಕುವ ರೀತಿ ಇದೇ.

ಮೊದಲು ಮೂರು ಕಡೆ ಕೇಳಿ

ಏನನ್ನೂ ತಿರುಗಿಸುವ ಮೊದಲು ವೈರ್ ಇರುವ ಹೆಡ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತ್ ಬೇಡ, ಅದು ತನ್ನದೇ ಗೊಂದಲ ತರುತ್ತದೆ.

ಮೊದಲನೆಯ ಜಾಗ ಮಿಕ್ಸರ್‌ನದೇ ಹೆಡ್‌ಫೋನ್ ಜ್ಯಾಕ್. ಕಂಪ್ಯೂಟರಿನಲ್ಲಿ ಎಲ್ಲ ಆ್ಯಪ್ ಮುಚ್ಚಿ, ಹಾಡಿ ನೋಡಿ. ಇಲ್ಲೇ ಕೆಟ್ಟಿದ್ದರೆ ತಪ್ಪು ಮೈಕು, ವೈರು, ಕರೆಂಟು ಅಥವಾ ಮಿಕ್ಸರ್‌ನ ನಾಬ್‌ಗಳಲ್ಲಿದೆ. ಇಂಟರ್‌ನೆಟ್ ಬೈಯುವುದು ಬೇಡ.

ಎರಡನೆಯದು ಕಂಪ್ಯೂಟರ್. ವಿಂಡೋಸ್‌ನಲ್ಲಿ ಇರುವ ಸಾದಾ ಸೌಂಡ್ ರೆಕಾರ್ಡರ್‌ನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ. ಮಿಕ್ಸರ್‌ನಲ್ಲಿ ಚೆನ್ನಾಗಿದ್ದು ಇಲ್ಲಿ ಕೆಟ್ಟರೆ ಯುಎಸ್‌ಬಿ ವೈರು, ಡ್ರೈವರ್, ಅಥವಾ ಮಿಕ್ಸರ್‌ನಿಂದ ಕಂಪ್ಯೂಟರಿಗೆ ಏನನ್ನು ಕಳಿಸಬೇಕು ಎಂದು ಹೇಳುವ ಸ್ವಿಚ್ಚು ನೋಡಬೇಕು.

ಮೂರನೆಯದು ಕೇಳುಗರ ಜಾಗ. ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಸಿಗುವ) ಲೈವ್ ಒಂದನ್ನು ಶುರು ಮಾಡಿ, ಬೇರೆ ಕೋಣೆಯಲ್ಲಿ ಇನ್ನೊಂದು ಫೋನಿನಲ್ಲಿ ಕೇಳಿ. ಹೊಸ ಚಾನೆಲ್ ಆದರೆ ಲೈವ್ ಮಾಡುವ ಅನುಮತಿಗೇ 24 ಗಂಟೆ ಹಿಡಿಯಬಹುದು. ಹಾಗಾಗಿ ಈ ಪರೀಕ್ಷೆಯನ್ನು ಕಾರ್ಯಕ್ರಮದ ದಿನಕ್ಕೆ ಇಟ್ಟುಕೊಳ್ಳಬೇಡಿ. ರೆಕಾರ್ಡಿಂಗ್ ಚೆನ್ನಾಗಿದ್ದು ಇಲ್ಲಿ ಮಾತ್ರ ಕೆಟ್ಟರೆ ದೋಷ ಒಬಿಎಸ್ (ಕಂಪ್ಯೂಟರಿನಿಂದ ಲೈವ್ ಕಳಿಸುವ ಆ್ಯಪ್), ಝೂಮ್ ತರಹದ ಆ್ಯಪ್‌ನಲ್ಲಿ ಅಥವಾ ಇಂಟರ್‌ನೆಟ್‌ನಲ್ಲಿದೆ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ವೈರೂ ಬದಲಾಯಿಸಿ, ಡ್ರೈವರೂ ಹಾಕಿ, ಗೇನೂ (ಮೈಕಿನ ಸದ್ದನ್ನು ಮೊದಲಿಗೆ ಹಿಗ್ಗಿಸುವ ನಾಬ್) ತಿರುಗಿಸಿದರೆ ಸರಿಯಾದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಅದೇ ಕಾಟ ಮತ್ತೆ ಬರುತ್ತದೆ.

ಸದ್ದೇ ಬರುತ್ತಿಲ್ಲ

ಚಾನೆಲ್ ಫೇಡರ್ (ಒಂದೊಂದು ಇನ್‌ಪುಟ್‌ನ ಸದ್ದು ಏರಿಸಿ ಇಳಿಸುವ ಜಾರುವ ಗುಂಡಿ) ಕೆಳಗಿದೆಯಾ, ಮ್ಯೂಟ್ ಒತ್ತಿದೆಯಾ, ಗೇನ್ ಸೊನ್ನೆಯಲ್ಲಿದೆಯಾ ನೋಡಿ. ಇಷ್ಟು ಸರಿ ಇದ್ದೂ ಸದ್ದಿಲ್ಲದಿದ್ದರೆ, ಮೈಕು ಕಂಡೆನ್ಸರ್ ಆಗಿದ್ದರೆ, 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ವೈರಿನಲ್ಲೇ ಮಿಕ್ಸರ್ ಕಳಿಸುವ ಕರೆಂಟು ಬೇಕು. ಗೇನ್ ಇಳಿಸಿಯೇ ಆ ಸ್ವಿಚ್ ಒತ್ತಿ, ಇಲ್ಲದಿದ್ದರೆ ಹೆಡ್‌ಫೋನ್‌ನಲ್ಲಿ ಜೋರಾಗಿ ಧಡ್ ಅನ್ನುತ್ತದೆ.

ಫ್ಯಾಂಟಮ್ ಹಾಕಿದರೂ ಮೈಕು ಮೂಕವಾಗಿದ್ದರೆ ವೈರಿನ ತುದಿ ನೋಡಿ. ಅಗ್ಗದ ಕಂಡೆನ್ಸರ್ ಮೈಕಿನ ಜೊತೆ ಬರುವ ವೈರಿಗೆ ಎಷ್ಟೋ ಸಲ ಒಂದು ಕಡೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ಕನೆಕ್ಟರ್), ಇನ್ನೊಂದು ಕಡೆ 3.5 ಮಿಲಿಮೀಟರ್ ಪಿನ್ನು ಇರುತ್ತದೆ. ಅದಕ್ಕೆ ಅಡಾಪ್ಟರ್ ಹಾಕಿ ಮಿಕ್ಸರ್‌ನ ಕಾಂಬೊ ಜ್ಯಾಕಿನ ನಡುವಿನ ದೊಡ್ಡ ತೂತಿಗೆ ತೂರಿಸುತ್ತಾರೆ. ಆ ತೂತಿನಲ್ಲಿ 48 ವೋಲ್ಟ್ ಬರುವುದಿಲ್ಲ. ಅದು ಬರುವುದು ಸುತ್ತಲಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್‌ನಲ್ಲಿ ಮಾತ್ರ. ಎರಡೂ ಕಡೆ ಎಕ್ಸ್‌ಎಲ್‌ಆರ್ ಇರುವ ವೈರ್ ತಂದರೆ ಮೈಕಿಗೆ ಜೀವ ಬರುತ್ತದೆ.

ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕಿನದು ಬೇರೆ ಸಮಸ್ಯೆ. ಸದ್ದು ಬರುತ್ತದೆ, ಆದರೆ ತೆಳುವಾಗಿ, ಮಂದ್ರವೇ ಇಲ್ಲದಂತೆ ಬರುತ್ತದೆ. ಅದನ್ನು ಗಿಟಾರ್‌ಗೆಂದು ಇರುವ ಇನ್‌ಪುಟ್‌ಗೆ ಹಾಕಿ, ಗಿಟಾರ್ ಸ್ವಿಚ್ ಒತ್ತಿ. ಎಜಿ03ಯಲ್ಲಿ ಅದು ಎರಡನೆಯ ಚಾನೆಲ್.

ನಿಮಗೆ ಕೇಳಿಸುತ್ತದೆ, ಲೈವ್‌ಗೆ ಹೋಗುವುದಿಲ್ಲ

ಗಾಯನ ಲೈವ್‌ನಲ್ಲಿ ಬರುತ್ತದೆ, ತಂಬೂರಿ ಮಾತ್ರ ಬರುವುದಿಲ್ಲ. ನಿಮ್ಮ ಹೆಡ್‌ಫೋನ್‌ನಲ್ಲಿ ಮಾತ್ರ ಎರಡೂ ಚೆನ್ನಾಗಿ ಕೇಳಿಸುತ್ತವೆ. ಇದಕ್ಕೆ ಕಾರಣ ಎರಡು.

ಒಂದು, ಮಿಕ್ಸರ್‌ನ ಸ್ವಿಚ್ಚು. ಎಜಿ03, ಎಜಿ06ರ ಮೊದಲ ಮಾದರಿಗಳಲ್ಲಿ ಕಂಪ್ಯೂಟರಿಗೆ ಹೋಗುವ ಸದ್ದನ್ನು ಆರಿಸಲು ಮೂರು ಸ್ಥಾನದ ಸ್ವಿಚ್ ಇದೆ: ಡ್ರೈ, ಇನ್‌ಪುಟ್ ಮಿಕ್ಸ್, ಲೂಪ್‌ಬ್ಯಾಕ್. ಡ್ರೈನಲ್ಲಿಟ್ಟರೆ ಮೊದಲ ಎರಡು ಚಾನೆಲ್‌ಗಳ ಕಚ್ಚಾ ಸದ್ದು ಮಾತ್ರ ಹೋಗುತ್ತದೆ. ಎಲೆಕ್ಟ್ರಾನಿಕ್ ತಂಬೂರಿಯನ್ನೋ ಫೋನಿನ ತಂಬೂರಿ ಆ್ಯಪನ್ನೋ ಸ್ಟೀರಿಯೊ ಚಾನೆಲ್‌ಗೆ ಹಾಕಿದ್ದರೆ ಅದು ಹೋಗುವುದೇ ಇಲ್ಲ. ಇನ್‌ಪುಟ್ ಮಿಕ್ಸ್‌ಗೆ ತಳ್ಳಿ, ಸರಿಹೋಗುತ್ತದೆ.

ಇನ್ನೊಂದು ಕಾರಣ ಆ್ಯಪ್‌ನಲ್ಲಿದೆ. ಸಂಗೀತದವರಿಗೆ ಇದಕ್ಕಿಂತ ದೊಡ್ಡ ಕಾಟ ಇನ್ನೊಂದಿಲ್ಲ ಅನ್ನುವುದು ನನ್ನ ಅನಿಸಿಕೆ. ಝೂಮ್ ಮಾಡಿರುವುದು ಮೀಟಿಂಗ್‌ಗೆ. ಮಾತು ಅಂದರೆ ಬಂದು ಹೋಗುವ ಸದ್ದು. ಒಂದೇ ಸಮನೆ ನಿಂತ ಸದ್ದು ಬಂದರೆ ಅದು ಫ್ಯಾನೋ ಎಸಿಯೋ ಇರಬೇಕು ಎಂದುಕೊಂಡು ಅದನ್ನು ತೆಗೆದುಹಾಕುತ್ತದೆ. ತಂಬೂರಿ ಅಂದರೆ ಒಂದೇ ಸಮನೆ ನಿಂತ ಸದ್ದೇ ಅಲ್ವಾ? ಹಾಗಾಗಿ ಪಾಠ ಶುರುವಾದಾಗ ಒಂದೆರಡು ಕ್ಷಣ ಶ್ರುತಿ ಕೇಳಿಸುತ್ತದೆ, ಆಮೇಲೆ ಕರಗಿಹೋಗುತ್ತದೆ. ನೀವು ಹಾಡಿದಾಗ ತುಸು ಇಣುಕುತ್ತದೆ, ಹಾಡು ನಿಂತ ಕೂಡಲೇ ಮತ್ತೆ ಮಾಯ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕುಳಿತ ಮಗು ಶ್ರುತಿಯಿಲ್ಲದೆ ಸರಳೆ ವರಸೆ ಹಾಡುತ್ತದೆ. ಅದರ ಸ್ವರ ಜಾರಿದರೆ ತಪ್ಪು ಮಗುವಿನದಲ್ಲ. ಉದ್ದ ಹಿಡಿದ ಷಡ್ಜವೂ ಹೀಗೆಯೇ ನಡುವೆ ಮುಕ್ಕಾಗುತ್ತದೆ. ವೀಣೆಯ ಮೀಟು ಬಿದ್ದ ಮೇಲೆ ಉಳಿಯುವ ನಾದವನ್ನು ಯಾರೋ ಕತ್ತರಿಸಿದ ಹಾಗೆ ಕೇಳಿಸುತ್ತದೆ.

ಝೂಮ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಎಂದಿದೆ. ಅದನ್ನು ಆರಿಸಿ, ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್‌ಗೂ ಟಿಕ್ ಹಾಕಿ. ಅಷ್ಟಕ್ಕೇ ಬಿಡಬೇಡಿ. ಮೀಟಿಂಗ್ ಶುರುವಾದ ಮೇಲೆ ಪರದೆಯ ಮೇಲ್ಭಾಗದಲ್ಲಿ ಅದು 'ಆನ್' ಎಂದು ತೋರಿಸುತ್ತಿದೆಯಾ ನೋಡಿ. ಎಕೋ ಕ್ಯಾನ್ಸಲೇಷನ್ (ಸ್ಪೀಕರ್‌ನ ಸದ್ದು ಮೈಕಿನ ಮೂಲಕ ವಾಪಸ್ ಹೋಗದಂತೆ ತಡೆಯುವುದು) ಅನ್ನು ನೀವು ಹೆಡ್‌ಫೋನ್ ಹಾಕಿಕೊಂಡಿದ್ದರೆ ಮಾತ್ರ ತೆಗೆಯಿರಿ. ವಿದ್ಯಾರ್ಥಿಯ ಕಡೆಯೂ ಇದೇ ಸೆಟ್ಟಿಂಗ್ ಮಾಡಿಸಿ, ಇಲ್ಲದಿದ್ದರೆ ಅವರ ಹಾಡು ನಿಮಗೆ ಮುರುಕಲಾಗಿಯೇ ಬರುತ್ತದೆ.

ಒಬಿಎಸ್‌ನಲ್ಲಿ ಮೈಕಿನ ಮೇಲೆ ನಾಯ್ಸ್ ಸಪ್ರೆಷನ್ ಫಿಲ್ಟರ್ ಹಾಕಿದ್ದರೆ ತೆಗೆದುಹಾಕಿ. ಅದರಲ್ಲಿರುವ ಆರ್‌ಎನ್‌ನಾಯ್ಸ್ ಮಾತನ್ನು ಉಳಿಸಿ ಉಳಿದದ್ದನ್ನು ಅಳಿಸುವಂಥದ್ದು. ಮಾತಿಗೆ ಒಳ್ಳೆಯದು, ವೀಣೆಗೂ ಮೃದಂಗಕ್ಕೂ ಆಗದು. ಫ್ಯಾನಿನ ಸದ್ದು ಹೋಗಬೇಕಾದರೆ ಫ್ಯಾನ್ ಆಫ್ ಮಾಡಿ, ಮೈಕನ್ನು ಬಾಯಿಗೆ ಹತ್ತಿರ ತನ್ನಿ.

ಇದರ ಜೊತೆ ಒಂದು ಮಾತು. ಬೆಂಗಳೂರಿನಿಂದ ಅಮೆರಿಕಕ್ಕೆ ಸದ್ದು ಹೋಗಿ ಬರುವಷ್ಟರಲ್ಲಿ ಸುಮಾರು ಕಾಲು ಸೆಕೆಂಡಾದರೂ ಹಿಡಿಯುತ್ತದೆ. ಗುರು ಶಿಷ್ಯರು ಒಟ್ಟಿಗೆ ತಾಳ ಹಾಕಿ ಹಾಡಲು ಆಗದಿರುವುದು ಮಿಕ್ಸರ್ ದೋಷವಲ್ಲ. ಅದಕ್ಕಾಗಿ ದುಬಾರಿ ಮಿಕ್ಸರ್ ಕೊಳ್ಳಬೇಡಿ.

ಗುಂಯ್ ಅನ್ನುವ ಹಮ್ಮಿಂಗ್

ಹಮ್ಮಿಂಗ್‌ನಲ್ಲಿ ಬಗೆಗಳಿವೆ, ಕಿವಿಗೊಟ್ಟರೆ ಗೊತ್ತಾಗುತ್ತದೆ. ತಗ್ಗು ಸ್ಥಾಯಿಯಲ್ಲಿ ಒಂದೇ ಸಮನೆ ಗುಂಯ್ ಅಂದರೆ ಅದು ನಮ್ಮ ಮನೆಯ 50 ಹರ್ಟ್ಸ್ ಕರೆಂಟಿನದು, ಅದರ ಇಮ್ಮಡಿಯಾದ 100 ಹರ್ಟ್ಸ್ ಕೂಡ ಜೊತೆಗಿರುತ್ತದೆ. ಬಿಳಿ ಒಂದರ ಶ್ರುತಿಯಲ್ಲಿ ಹಾಡುವವರಿಗೆ ಇದು ವಿಶೇಷ ಹಿಂಸೆ. ಆ ಶ್ರುತಿಯ ಮಂದ್ರ ಪಂಚಮ ಸುಮಾರು 98 ಹರ್ಟ್ಸ್. ಪಕ್ಕದಲ್ಲೇ 100 ನಿಂತರೆ ತಂಬೂರಿಯ ಪಂಚಮ ಕೂಡಿಬರುತ್ತಿಲ್ಲ ಎಂದೇ ಅನಿಸುತ್ತದೆ. ಶ್ರುತಿ ಎಷ್ಟು ತಿರುಗಿಸಿದರೂ ಮನಸ್ಸಿಗೆ ಸಮಾಧಾನ ಆಗುವುದಿಲ್ಲ. ಹಾಗನಿಸಿದಾಗ ತಂಬೂರಿ ನಿಲ್ಲಿಸಿ ಸುಮ್ನೆ ಹೆಡ್‌ಫೋನ್ ಕೇಳಿ. ಗುಂಯ್ ಉಳಿದಿದ್ದರೆ ದೋಷ ಕರೆಂಟಿನಲ್ಲಿದೆ.

ಮೊದಲ ಪರೀಕ್ಷೆ: ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಸದ್ದು ತಟ್ಟನೆ ನಿಂತರೆ ಅದು ಅರ್ಥಿಂಗ್‌ನ ಸುತ್ತು, ಅಂದರೆ ಗ್ರೌಂಡ್ ಲೂಪ್. ಮಿಕ್ಸರ್ ಒಂದು ದಾರಿಯಲ್ಲಿ ಲ್ಯಾಪ್‌ಟಾಪ್‌ ಮೂಲಕ ಅರ್ಥ್‌ಗೆ ಸೇರುತ್ತದೆ, ಇನ್ನೊಂದು ದಾರಿಯಲ್ಲಿ ಆಂಪ್ಲಿಫೈಯರ್‌ ಮೂಲಕ ಸೇರುತ್ತದೆ. ಎರಡರ ನಡುವೆ ಸಣ್ಣ ಕರೆಂಟ್ ಹರಿದು ಅದೇ ಸದ್ದಾಗುತ್ತದೆ. ದೇವಸ್ಥಾನದಲ್ಲಿ ಮೈಕ್‌ಸೆಟ್‌ನವರ ಆಂಪ್ಲಿಫೈಯರ್‌ನಿಂದ ನಿಮ್ಮ ಮಿಕ್ಸರ್‌ಗೆ ಒಂದು ಲೈನ್ ಎಳೆದ ಕೂಡಲೇ ಗುಂಯ್ ಶುರುವಾಗುವುದು ಇದಕ್ಕೇ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಇಬ್ಬರ ನಡುವಿನ ಲೈನಿಗೆ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸೋ ಐಸೊಲೇಷನ್ ಟ್ರಾನ್ಸ್‌ಫಾರ್ಮರೋ ಹಾಕಿ, ಅವು ಸದ್ದನ್ನು ಬಿಟ್ಟು ಆ ಲೈನಿನ ಅರ್ಥ್ ಸುತ್ತನ್ನು ಮಾತ್ರ ಕಡಿಯುತ್ತವೆ.

ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕಿತ್ತರೆ ಹಮ್ಮಿಂಗ್ ನಿಲ್ಲುತ್ತದೆ ಎಂದು ಹೇಳುವವರು ಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಡುವವರ ತುಟಿ ಲೋಹದ ಮೈಕಿಗೆ ತಾಗುತ್ತಿರುತ್ತದೆ. ಉಪಕರಣದೊಳಗೆ ಎಲ್ಲೋ ಕರೆಂಟ್ ಸೋರಿದರೆ ಅದಕ್ಕೆ ಹೋಗಲು ಅವರ ಮೈ ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಚಾರ್ಜರ್ ಕಿತ್ತರೂ ನಿಲ್ಲದೆ, ಸದ್ದು ಗುಂಯ್ ಅನ್ನುವ ಬದಲು ಜರ್ ಅಂತ ಒರಟಾಗಿದ್ದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಡಿಮ್ಮರ್ ಇರುವ ದೀಪ ಆಫ್ ಮಾಡಿ ನೋಡಿ. ಮೌಸ್ ಆಡಿಸಿದಾಗ ಚಿಂಯ್ ಚಿಂಯ್ ಅಂದರೆ ಅದು ಯುಎಸ್‌ಬಿ ದಾರಿಯಲ್ಲಿ ಬಂದದ್ದು. ಬೇರೆ ಪೋರ್ಟ್‌ಗೆ ಹಾಕಿ, ಮಿಕ್ಸರ್‌ಗೆ ಪ್ರತ್ಯೇಕ 5 ವೋಲ್ಟ್ ಪವರ್ ಕೊಡಿ. ಟಿಟಿಟಿ ಟಿಟಿಟಿ ಅಂದರೆ ಫೋನು ಮೈಕಿನ ವೈರಿನ ಪಕ್ಕದಲ್ಲಿದೆ, ದೂರ ಇಡಿ.

ಕರೆಂಟು ಹೋದ ಮೇಲೆ ಮಾತ್ರ ಬರುವ ಜರ್ ಸದ್ದು ನಮ್ಮ ಕಡೆ ಬಹಳ ಮಾಮೂಲಿ. ಅಗ್ಗದ ಇನ್ವರ್ಟರ್ ಕೊಡುವ ಕರೆಂಟಿನ ಅಲೆ ನಯವಾಗಿರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ಅದರಿಂದ ಏಳುವ ಗಲಾಟೆ ಚಾರ್ಜರ್ ದಾಟಿ ಮಿಕ್ಸರ್‌ಗೆ ಬರುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದ್ದರೆ ಈ ಕಾಟ ಬಹಳ ಕಡಿಮೆ. ಹೊಸ ಇನ್ವರ್ಟರ್ ಕೊಳ್ಳದೆಯೂ ದಾರಿಯಿದೆ. ಎಜಿ ಮಾದರಿಗಳಿಗೆ 5 ವೋಲ್ಟ್ ಪವರ್ ಹಾಕುವ ಪ್ರತ್ಯೇಕ ತೂತಿದೆ. ಅದಕ್ಕೆ ಪವರ್ ಬ್ಯಾಂಕ್ ಜೋಡಿಸಿ, ಲ್ಯಾಪ್‌ಟಾಪನ್ನು ಅದರ ಬ್ಯಾಟರಿ ಮೇಲೆ ಬಿಡಿ. ಇಂಟರ್‌ನೆಟ್ ರೌಟರ್ ಮಾತ್ರ ಇನ್ವರ್ಟರ್ ಮೇಲಿರಲಿ, ವೈಫೈನಲ್ಲಿ ಈ ಗಲಾಟೆ ದಾಟಿ ಬರುವುದಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಕುಳಿತು ಲೈವ್ ಮಾಡುವವರು ಕರೆಂಟ್ ಇದ್ದರೂ ಹೀಗೆಯೇ ಶುರು ಮಾಡುವುದು ಒಳ್ಳೆಯದು. ನಡುವೆ ಕರೆಂಟ್ ಹೋದದ್ದು ಕೇಳುವವರಿಗೆ ತಿಳಿಯುವುದೂ ಇಲ್ಲ. ಕೆಲವು ಪವರ್ ಬ್ಯಾಂಕ್‌ಗಳು ಲೋಡ್ ಕಡಿಮೆ ಇದ್ದರೆ ತಾವೇ ಆಫ್ ಆಗುತ್ತವೆ, ಮೊದಲೇ ಅರ್ಧ ಗಂಟೆ ಓಡಿಸಿ ನೋಡಿ.

ನಮ್ಮ ಮಾತೇ ನಮಗೆ ವಾಪಸ್

ಎದುರಿನವರು "ಸರ್, ನನ್ನ ಧ್ವನಿಯೇ ನನಗೆ ಕೇಳಿಸ್ತಿದೆ" ಅಂದರೆ ಮೊದಲು ಲೂಪ್‌ಬ್ಯಾಕ್ ಆನ್ ಇದೆಯಾ ನೋಡಿ. ಲೂಪ್‌ಬ್ಯಾಕ್ ಕಂಪ್ಯೂಟರಿನಿಂದ ಮಿಕ್ಸರ್‌ಗೆ ಬಂದ ಸದ್ದನ್ನು ನಿಮ್ಮ ಮೈಕಿನ ಜೊತೆ ಸೇರಿಸಿ ಮತ್ತೆ ಕಂಪ್ಯೂಟರಿಗೇ ಕಳಿಸುತ್ತದೆ. ಕರೋಕೆ ಟ್ರ್ಯಾಕ್ ಹಾಕಿಕೊಂಡು ಭಾವಗೀತೆ ಹಾಡಿ ಲೈವ್ ಮಾಡುವವರಿಗೆ ಇದು ಬೇಕೇ ಬೇಕು. ಝೂಮ್ ಪಾಠಕ್ಕೆ ಬೇಡ, ಏಕೆಂದರೆ ಕಂಪ್ಯೂಟರಿನಿಂದ ಬರುವ ಸದ್ದು ವಿದ್ಯಾರ್ಥಿಯದೇ. ಪಾಠಕ್ಕೆ ಇನ್‌ಪುಟ್ ಮಿಕ್ಸ್, ಟ್ರ್ಯಾಕ್ ಹಾಕಿ ಹಾಡುವ ಲೈವ್‌ಗೆ ಲೂಪ್‌ಬ್ಯಾಕ್. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮಿಕ್ಸರ್ ಪಕ್ಕ ಅಂಟಿಸಿ.

ಲೂಪ್‌ಬ್ಯಾಕ್ ಆನ್ ಇಟ್ಟು, ಒಬಿಎಸ್‌ನಲ್ಲಿ ಡೆಸ್ಕ್‌ಟಾಪ್ ಆಡಿಯೊವನ್ನೂ (ಕಂಪ್ಯೂಟರಿನದೇ ಸದ್ದು) ಆನ್ ಇಟ್ಟರೆ ಟ್ರ್ಯಾಕ್ ಎರಡೆರಡು ಸಲ ಹೋಗುತ್ತದೆ. ಧ್ವನಿ ಸರಿಯಾಗಿದ್ದು ಟ್ರ್ಯಾಕ್ ಮಾತ್ರ ಕೊಳವೆಯೊಳಗಿಂದ ಬಂದ ಹಾಗಿದ್ದರೆ ಇದೇ ಕಾರಣ, ಎರಡರಲ್ಲಿ ಒಂದನ್ನು ಮ್ಯೂಟ್ ಮಾಡಿ. ನಿಮ್ಮದೇ ಲೈವ್‌ನ ಪುಟವನ್ನು ಅದೇ ಕಂಪ್ಯೂಟರಿನಲ್ಲಿ ತೆರೆದಿಟ್ಟಿದ್ದರೆ ಹಲವು ಸೆಕೆಂಡ್ ಹಿಂದಿನ ಹಾಡು ಮತ್ತೆ ಮತ್ತೆ ಬಂದು ಸೇರಿಕೊಳ್ಳುತ್ತದೆ. ಆ ಪುಟವನ್ನು ಮ್ಯೂಟ್ ಮಾಡಿ.

ಫೋನಿಗೆ ಜೋಡಿಸಿದಾಗ

ಫೋನಿನಲ್ಲಿ ಲೈವ್ ಮಾಡುವವರು ಮೊದಲು ಉಗುರಿನಿಂದ ಫೋನಿನ ತಳಭಾಗ ಕೆರೆಯಿರಿ, ಆಮೇಲೆ ಮಿಕ್ಸರ್‌ನ ಮೈಕು ಕೆರೆಯಿರಿ. ಫೋನ್ ಕೆರೆದ ಸದ್ದು ರೆಕಾರ್ಡ್ ಆದರೆ ಫೋನು ತನ್ನ ಮೈಕನ್ನೇ ಬಳಸುತ್ತಿದೆ, ಮಿಕ್ಸರ್ ಸುಮ್ಮನೆ ಪಕ್ಕದಲ್ಲಿ ಕುಳಿತಿದೆ ಅಷ್ಟೇ.

3.5 ಮಿಲಿಮೀಟರ್ ವೈರಾದರೆ ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ. ಎರಡಿದ್ದರೆ ಅದು ಸಾದಾ ಸ್ಟೀರಿಯೊ ಪಿನ್ನು, ಮೈಕಿನ ಸದ್ದು ಫೋನಿಗೆ ಹೋಗುವುದಿಲ್ಲ. ಮೂರು ಗೆರೆ ಇರುವುದು ಬೇಕು. ಯುಎಸ್‌ಬಿ ವೈರಾದರೆ ಅದು ಬರೀ ಚಾರ್ಜಿಂಗ್ ವೈರ್ ಇರಬಹುದು, ಡೇಟಾ ಹೋಗುವ ವೈರ್ ಹಾಕಿ. ಕೆಲವು ಫೋನ್‌ಗಳಲ್ಲಿ ಒಟಿಜಿ (ಹೊರಗಿನ ಯುಎಸ್‌ಬಿ ಉಪಕರಣ ಜೋಡಿಸುವ ಸೌಲಭ್ಯ) ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನೇ ಆಫ್ ಆಗುತ್ತದೆ. ಮಿಕ್ಸರ್‌ನ ದೀಪ ಹತ್ತಿ ಆರುತ್ತಿದ್ದರೆ ಫೋನು ಕೊಡುವ ಕರೆಂಟ್ ಸಾಲುತ್ತಿಲ್ಲ. ಪವರ್ ಬ್ಯಾಂಕ್‌ನಿಂದ ಬೇರೆ ಪವರ್ ಕೊಡಿ.

ಒಂದೇ ಕಿವಿಯಲ್ಲಿ ಸದ್ದು, ಅಥವಾ ಫೋನಿನಲ್ಲಿ ಮಾತ್ರ ಮಾಯ

ಒಂದೇ ಕಿವಿಯಲ್ಲಿ ಬಂದರೆ ಸದ್ದನ್ನು ಎಡ ಬಲಕ್ಕೆ ಸರಿಸುವ ಪ್ಯಾನ್ ನಾಬ್ ನಡುವಿಗೆ ತನ್ನಿ. ಡ್ರೈ ಸ್ಥಾನದಲ್ಲಿಟ್ಟರೂ ಮೊದಲ ಚಾನೆಲ್ ಎಡಕ್ಕೆ, ಎರಡನೆಯದು ಬಲಕ್ಕೆ ಹೋಗುತ್ತದೆ. ಒಬಿಎಸ್‌ನ ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್‌ನಲ್ಲಿ ಮೋನೊಗೆ ಟಿಕ್ ಹಾಕಿದರೂ ಆಗುತ್ತದೆ.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಸದ್ದು ಇದೆ, ಸ್ವಲ್ಪ ಟೊಳ್ಳಾಗಿದೆ. ಅದನ್ನೇ ಫೋನಿನ ಒಂಟಿ ಸ್ಪೀಕರ್‌ನಲ್ಲಿ ಕೇಳುವವರು "ಏನೂ ಕೇಳ್ತಿಲ್ಲ" ಅನ್ನುತ್ತಾರೆ. ಇಬ್ಬರೂ ಹೇಳುವುದು ನಿಜ. ಮೈಕ್‌ಸೆಟ್‌ನವರ ಮಿಕ್ಸರ್‌ನ ಬ್ಯಾಲೆನ್ಸ್ಡ್ ಔಟ್‌ಪುಟ್ ಒಂದೇ ಸದ್ದನ್ನು ಎರಡು ತಂತಿಯಲ್ಲಿ, ಒಂದನ್ನು ತಲೆಕೆಳಗು ಮಾಡಿ ಕಳಿಸುತ್ತದೆ. ಅದನ್ನು ಸ್ಟೀರಿಯೊ ವೈರಿನಿಂದ ತಂದರೆ ಒಂದು ತಂತಿ ಎಡಕ್ಕೆ, ತಲೆಕೆಳಗಾದದ್ದು ಬಲಕ್ಕೆ ಬರುತ್ತದೆ. ಒಂದೇ ಸ್ಪೀಕರ್‌ನಲ್ಲಿ ಎರಡೂ ಸೇರಿದಾಗ ಒಂದನ್ನೊಂದು ಅಳಿಸಿಬಿಡುತ್ತವೆ. ಸಾದಾ ಮೋನೊ ಪಿನ್ನಿನ ವೈರಿನಲ್ಲಿ ಒಂದು ಚಾನೆಲ್‌ಗೆ ತನ್ನಿ. ಕೇಳುಗರಲ್ಲಿ ಬಹುಪಾಲು ಜನ ಫೋನಿನಲ್ಲೇ ಕೇಳುತ್ತಾರೆ. ಲೈವ್‌ಗೆ ಮೊದಲು ಫೋನಿನ ಸ್ಪೀಕರ್‌ನಲ್ಲಿ ಒಮ್ಮೆ ಕೇಳಲೇಬೇಕು.

ಒಡಕು ಮತ್ತು ಚಟಪಟ

ತಾರಸ್ಥಾಯಿಗೆ ಹೋದಾಗ, ಮೃದಂಗದ ಗುಮಿಕಿ ಬಿದ್ದಾಗ ಸದ್ದು ಒಡೆದರೆ ಪೀಕ್ ದೀಪ ನೋಡಿ. ಅದು ಕೆಂಪಾದರೆ ಗೇನ್ ಇಳಿಸಿ. ಫೇಡರ್ ಇಳಿಸಿ ಪ್ರಯೋಜನವಿಲ್ಲ, ಗೇನ್‌ನಲ್ಲೇ ಒಡೆದ ಸದ್ದು ಮುಂದೆ ಸಣ್ಣದಾಗಿ ಒಡೆದೇ ಇರುತ್ತದೆ. ಗೇನ್ ಪೂರ್ತಿ ಇಳಿಸಿದರೂ ಕೆಂಪಾದರೆ ಒಳಬರುವ ಸದ್ದನ್ನೇ ತಗ್ಗಿಸುವ ಪ್ಯಾಡ್ ಸ್ವಿಚ್ ಒತ್ತಿ. ಒಬಿಎಸ್‌ನ ಮೀಟರ್‌ನಲ್ಲಿ ಹಾಡು ಜಾಸ್ತಿ ಹೊತ್ತು ಹಳದಿಯಲ್ಲಿ, ಅಂದರೆ ಮೈನಸ್ 20ರಿಂದ ಮೈನಸ್ 9 ಡಿಬಿ ನಡುವೆ ಆಡುತ್ತಿರಲಿ.

ಪೀಕ್ ಇಲ್ಲದೆ ಚಟಪಟ ಅಂದರೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದು ದಾಖಲಿಸುತ್ತದೆ ಎಂಬುದು) ನೋಡಿ. ಮಿಕ್ಸರ್‌ನ ಡ್ರೈವರ್, ವಿಂಡೋಸ್‌ನ ಸೌಂಡ್ ಸೆಟ್ಟಿಂಗ್, ಒಬಿಎಸ್ ಮೂರರಲ್ಲೂ 48 ಕಿಲೋಹರ್ಟ್ಸ್ ಇರಲಿ. ಒಂದು 44.1 ಇದ್ದು ಇನ್ನೊಂದು 48 ಇದ್ದರೆ ಕೆಲವೊಮ್ಮೆ ಶ್ರುತಿಯೇ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ ಅಥವಾ ಇಳಿಯುತ್ತದೆ. ರೆಕಾರ್ಡಿಂಗ್‌ನ ಶ್ರುತಿಯನ್ನು ನಿಮ್ಮ ತಂಬೂರಿಯ ಜೊತೆ ಹಿಡಿದು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಇದಾದ ಮೇಲೂ ಚಟಪಟ ನಿಲ್ಲದಿದ್ದರೆ ಯುಎಸ್‌ಬಿ ಹಬ್ ತೆಗೆದು ನೇರ ಜೋಡಿಸಿ, ಡ್ರೈವರ್‌ನಲ್ಲಿ ಬಫರ್ (ಸದ್ದನ್ನು ತುಸು ಹೊತ್ತು ಕೂಡಿಟ್ಟು ಕಳಿಸುವ ಜಾಗ) ಹೆಚ್ಚಿಸಿ.

ಸದ್ದು ಮುಂದೆ, ಕೈ ಹಿಂದೆ

ಚಿತ್ರಕ್ಕೂ ಸದ್ದಿಗೂ ಹೊಂದದಿದ್ದರೆ ಕ್ಯಾಮೆರಾ ಮುಂದೆ ಆದಿತಾಳ ಹಾಕಿ ರೆಕಾರ್ಡ್ ಮಾಡಿ. ಮೊದಲ ಘಾತದಲ್ಲಿ ಅಂಗೈ ತೊಡೆಗೆ ತಾಗುವ ಚಿತ್ರ ಮತ್ತು ಸದ್ದಿನ ನಡುವೆ ಎಷ್ಟು ಅಂತರ ಇದೆ ನೋಡಿ. ಸಾಮಾನ್ಯವಾಗಿ ಸದ್ದು ಮೊದಲು ಬರುತ್ತದೆ, ಚಿತ್ರ ತಡವಾಗುತ್ತದೆ. ಒಬಿಎಸ್‌ನ ಸಿಂಕ್ ಆಫ್‌ಸೆಟ್‌ನಲ್ಲಿ ಅಷ್ಟು ಮಿಲಿಸೆಕೆಂಡ್ ಹಾಕಿದರೆ ಸದ್ದು ಕಾಯುತ್ತದೆ. ಹೆಡ್‌ಫೋನ್‌ನಲ್ಲಿ ನಿಮಗೇ ನಿಮ್ಮ ಧ್ವನಿ ತಡವಾಗಿ ಕೇಳಿದರೆ ಮಾತ್ರ ಅದು ಬೇರೆ, ಆಗ ಒಬಿಎಸ್‌ನ ಮಾನಿಟರಿಂಗ್ ಆಫ್ ಮಾಡಿ ಮಿಕ್ಸರ್‌ನಿಂದಲೇ ಕೇಳಿ.

ನಿಜಕ್ಕೂ ಕೆಟ್ಟಿದ್ದರೆ

ಅದೇ ಮೈಕು, ಅದೇ ವೈರು ಪಕ್ಕದ ಚಾನೆಲ್‌ನಲ್ಲಿ ಸರಿಯಾಗಿ ಕೆಲಸ ಮಾಡಿ ಈ ಚಾನೆಲ್‌ನಲ್ಲಿ ಮಾಡದಿದ್ದರೆ ಆಗ ಮಿಕ್ಸರ್ ಮೇಲೆ ಅನುಮಾನ ಪಡಬಹುದು. ಜ್ಯಾಕ್ ಅಲುಗಾಡಿಸಿದಾಗ ಸದ್ದು ಬಂದು ಹೋದರೆ ಒಳಗೆ ಬೆಸುಗೆ ಬಿಟ್ಟಿದೆ. ನಾಬ್ ತಿರುಗಿಸುವಾಗ ಮಾತ್ರ ಕರಕರ ಅಂದರೆ ಧೂಳು ಕೂತಿದೆ. ಕರಾವಳಿಯ ತೇವಕ್ಕೆ ಜ್ಯಾಕ್‌ನ ಒಳಗೂ ಪಾಚಿ ಬಣ್ಣ ಹಿಡಿಯುತ್ತದೆ. ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತಂದು, ಪವರ್ ತೆಗೆದು, ಸ್ವಲ್ಪವೇ ಹೊಡೆದು ನಾಬನ್ನು ಆಚೀಚೆ ತಿರುಗಿಸಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಎಣ್ಣೆ ಮಾತ್ರ ಹಾಕಬೇಡಿ, ಧೂಳು ಮೆತ್ತಿಕೊಂಡು ಇನ್ನೂ ಕೆಡುತ್ತದೆ.

ವಾರಂಟಿ ಇದ್ದರೆ ಬಿಚ್ಚದೆ ಸರ್ವಿಸ್ ಸೆಂಟರ್‌ಗೆ ಕೊಡಿ. ಕೊಡುವಾಗ "ಸೌಂಡ್ ಬರ್ತಿಲ್ಲ" ಅಂದರೆ ಸಾಲದು. ಯಾವ ಚಾನೆಲ್, ಯಾವ ಮೈಕು, ಫ್ಯಾಂಟಮ್ ಆನ್ ಇತ್ತಾ, ಮಿಕ್ಸರ್‌ನ ಹೆಡ್‌ಫೋನ್‌ನಲ್ಲಿ ಏನು ಕೇಳಿಸಿತು, ಬೇರೆ ಕಂಪ್ಯೂಟರಿನಲ್ಲಿ ಏನಾಯಿತು ಎಂದು ಬರೆದುಕೊಡಿ. ದೋಷದ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು ಕೇಳಿಸಿದರೆ ಇನ್ನೂ ಒಳ್ಳೆಯದು. ಬಂದು ಹೋಗುವ ದೋಷ ರಿಪೇರಿಯವರ ಮುಂದೆ ಇಟ್ಟಾಗ ಕಾಣಿಸಿಕೊಳ್ಳದೇ ಇರಬಹುದು.